ಪೇಶೆಂಟ್ ಜೋಡಿ ಯಾರದೀರಿ?

(ಧಾರವಾಡದಲ್ಲಿ ಓದುಗರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯ ಮಾಡಿಕೊಟ್ಟ ಹಿರಿಯರು 'ಬಿಳಿ ಉಡುಪಿನ ದೇವತೆ ಈಗ ಪೆನ್ನು ಹಿಡಿದಿದ್ದಾರೆ' ಎಂದರು. ಅವರ ಪ್ರೀತಿ ದೊಡ್ಡದು. ಆದರೆ ಯಾರಾದರೂ ನರ್ಸ್‌ಗಳನ್ನು ದೇವತೆ ಅಂದಾಗ ನಮಗೆ ಒಳಗೊಳಗೇ ಭಯ. ದೇವತೆಗೆ ಸಂಬಳ ಏರಿಸಬೇಕಿಲ್ಲ, ರಜೆ ಕೊಡಬೇಕಿಲ್ಲ, ಎಂಟು ತಾಸಿನ ಡ್ಯೂಟಿಯಲ್ಲಿ ಒಮ್ಮೆ ಕೂತು ಚಹಾ ಕುಡಿಯೋಕೂ ಬಿಡಬೇಕಿಲ್ಲ ಅಲ್ವಾ? ಹಾಗಾಗಿ ಇವತ್ತು ನಾನು ಬರೀ ನರ್ಸ್. ಆಮೇಲೆ ಕಾದಂಬರಿ ಬರೆದ ನರ್ಸ್. ಅಷ್ಟು ಸಾಕು.

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ನಾನು ಕೆಲಸ ಮಾಡಿದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ವಿದ್ಯಾನಗರದಲ್ಲಿ ನಿಂತು ಕಲ್ಲು ಒಗೆದರೆ ಯಾವುದಾದರೂ ನರ್ಸಿಂಗ್ ಹೋಮ್ ಗಾಜು ಒಡೆಯೋದು ಖಂಡಿತ. 1957ರಲ್ಲಿ ಮೆಡಿಕಲ್ ಕಾಲೇಜು ಬಂದಾಗಿನಿಂದ ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗ, ಎಲ್ಲ ಕಡೆಯ ರೋಗಿಗಳೂ ಹುಬ್ಬಳ್ಳಿಗೇ ಬರುತ್ತಾರೆ. ಧಾರವಾಡ ಅಲ್ಲಿಂದ ಇಪ್ಪತ್ತೇ ಕಿಲೋಮೀಟರು. ಎರಡೂ ಊರಿನ ನಡುವೆ ಓಡೋ ಚಿಗರಿ ಬಸ್ ಹತ್ತಿದರೆ ಒಂದು ಊರಿಂದ ಇನ್ನೊಂದಕ್ಕೆ ಬಂದದ್ದೇ ತಿಳಿಯೋದಿಲ್ಲ. ಆದರೂ ನಮ್ಮ ಕಾದಂಬರಿಗಳಲ್ಲಿ ಧಾರವಾಡದ ಮಳೆ, ಪೇಢೆ, ಸಾಧನಕೇರಿ ಎಷ್ಟು ಸಲ ಬಂದಿವೆ! ಹುಬ್ಬಳ್ಳಿಯ ಆಸ್ಪತ್ರೆಗಳ ಕಾರಿಡಾರು ಎಷ್ಟು ಸಲ ಬಂದಿದೆ? ನೀವೇ ಲೆಕ್ಕ ಹಾಕಿ.

ನನಗೆ ಎಲ್ಲರೂ ಕೇಳೋ ಮೊದಲನೇ ಪ್ರಶ್ನೆ: 'ಆಸ್ಪತ್ರ್ಯಾಗ ದಿನಾ ಕಥಿ ಸಿಗ್ತಾವಲ್ರಿ, ನಿಮಗೇನು ಕಡಿಮಿ?'

ಸಿಗುತ್ತವೆ. ಆದರೆ ಅವು ನನ್ನವಲ್ಲ. ನರ್ಸಿಂಗ್ ಕಲಿಯೋಕೆ ಹೋದ ಹೊಸದರಲ್ಲೇ ನಮಗೆ ಹೇಳಿಕೊಡೋದು ಇದನ್ನೇ: ರೋಗಿಯ ವಿಷಯ ವಾರ್ಡಿನಿಂದ ಹೊರಗೆ ಹೋಗಬಾರದು. ಹೆಸರು ಬದಲಿಸಿದರೆ ಆಯ್ತಲ್ಲ ಅಂತ ನೀವು ಹೇಳಬಹುದು. ನಮ್ಮ ಭಾಗದಲ್ಲಿ ಅದು ನಡೆಯೋದಿಲ್ಲ. ಕುಂದಗೋಳ ಕಡೆಯವಳು, ಮೂರನೇ ಹೆರಿಗೆ, ಗಂಡ ಟ್ರ್ಯಾಕ್ಟರ್ ಡ್ರೈವರ್ ಅಂತ ಬರೆದರೆ ಸಾಕು. ಆ ಊರಿನ ಅರ್ಧ ಮಂದಿ 'ಅಯ್ಯ, ಇದು ನಮ್ಮ ಫಲಾನೆಯವರ ಸೊಸಿದು' ಅಂತಾರೆ. ನನ್ನ ಕೈಹಿಡಿದು ನೋವು ತಿಂದವಳನ್ನ ಓದುಗರ ಮುಂದೆ ಬಿಚ್ಚಿಡೋ ಹಕ್ಕು ನನಗಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬರೆಯೋರು ಈ ಪ್ರಶ್ನೆಯನ್ನ ಹಾರಿಸಿಕೊಂಡು ಹೋಗೋದನ್ನ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಬರುತ್ತದೆ.

ಹಾಗಾದರೆ ಯಾರ ಬಗ್ಗೆ ಬರೀಲಿ? ಉತ್ತರ ನನ್ನ ಟೇಬಲ್ ಮೇಲೇ ಇತ್ತು, ಕೇಸ್ ಶೀಟಿನಲ್ಲಿ. ಅದರಲ್ಲಿ ರೋಗಿಯ ಹೆಸರು, ವಯಸ್ಸು, ಊರು, ಐಪಿ ನಂಬರ್ (ಒಳರೋಗಿ ಸಂಖ್ಯೆ) ಇರುತ್ತದೆ. ಜ್ವರ, ನಾಡಿ, ಉಸಿರು, ಬಿ.ಪಿ. ಎಷ್ಟು ಎಂ.ಎಲ್. ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು, ಅದಕ್ಕೂ ಒಂದು ಚಾರ್ಟು. ಪಕ್ಕದಲ್ಲಿ ಹಗಲು ರಾತ್ರಿ ಕೂತಿರೋ ಹೆಣ್ಣುಮಗಳಿಗೆ ಮಾತ್ರ ಅದರಲ್ಲಿ ಜಾಗ ಇಲ್ಲ. ಡಾಕ್ಟರ್ ರೌಂಡ್ಸಿಗೆ ಬಂದಾಗ ನಾವು ಜೋರಾಗಿ ಕೂಗುತ್ತೇವೆ, 'ಪೇಶೆಂಟ್ ಜೋಡಿ ಯಾರದೀರಿ?' ಮೂಲೆಯಿಂದ ಒಬ್ಬಳು ಎದ್ದು ಸೆರಗು ಸರಿ ಮಾಡಿಕೊಂಡು 'ನಾನದೀನ್ರಿ' ಅಂತಾಳೆ. ಏನಾಗಬೇಕು ಅಂದರೆ 'ಸೊಸಿರಿ', 'ಅಕ್ಕರಿ', 'ನಾದಿನಿರಿ'. ಹೆಸರು ನಾವೂ ಕೇಳೋದಿಲ್ಲ, ಅವಳೂ ಹೇಳೋದಿಲ್ಲ. ಬೆಡ್ ನಂಬರ್ ಹನ್ನೊಂದರ ಸೊಸೆ. ಅಷ್ಟೇ.

ನನ್ನ ಕಾದಂಬರಿಗಳೆಲ್ಲ ಇವಳವೇ. ಕಾಯಿಲೆ ಬಿದ್ದವಳದಲ್ಲ, ಜೊತೆಗೆ ಬಂದವಳದು.

ಇವಳು ಬರೋದನ್ನ ಸ್ವಲ್ಪ ನೋಡಿ. ಒಂದು ಕೈಯಲ್ಲಿ ಬುತ್ತಿ ಗಂಟು. ಅದರಲ್ಲಿ ನಾಲ್ಕು ದಿನಕ್ಕಾಗೋಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಥರ್ಮಾಸು, ತಂಬಿಗೆ, ಲೋಟ, ಹಳೇ ಮೆತ್ತಗಿನ ಸೀರೆಯ ತುಂಡುಗಳು. ಕಂಕುಳಲ್ಲಿ ಕೌದಿ. ರವಿಕೆಯೊಳಗೆ ಸಣ್ಣ ಪರ್ಸು, ಅದರಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡು, ತಾಯಿ ಕಾರ್ಡು. ಬಂದು ಅರ್ಧ ತಾಸಿನಲ್ಲಿ ಅವಳಿಗೆ ಕುಡಿಯೋ ನೀರು ಎಲ್ಲಿ, ಬಿಸಿನೀರು ಎಲ್ಲಿ, ಯಾವ ಆಯಾ ಒಳ್ಳೆಯವಳು, ಯಾವ ಸಿಸ್ಟರ್ ಬೈತಾಳೆ, ಎಲ್ಲ ಗೊತ್ತಾಗಿರುತ್ತದೆ.

ರಾತ್ರಿ ನಾವು ಸಲಾಯಿನ್ ಹಚ್ಚುತ್ತೇವೆ. 500 ಎಂ.ಎಲ್. ಬಾಟಲಿ 8 ತಾಸಿನಲ್ಲಿ ಹೋಗಬೇಕು ಅಂದರೆ ಮಾಮೂಲಿ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 21 ಹನಿ. ಈ ಲೆಕ್ಕ ಮಾಡಿ ಗಾಲಿ ತಿರುವಿ ಇಡೋದು ನನ್ನ ಕೆಲಸ. 'ಬಾಟ್ಲಿ ಮುಗಿಯಾಕ ಬಂದ್ರ ಹೇಳವಾ' ಅಂತ ಒಂದು ಮಾತು ಹೇಳಿ ನಾನು ಮುಂದಿನ ಬೆಡ್ಡಿಗೆ ಹೋಗುತ್ತೇನೆ. ಆ ಒಂದು ಮಾತಿಗೆ ಅವಳು ರಾತ್ರಿಯಿಡೀ ಹನಿ ನೋಡುತ್ತಾ ಕೂರುತ್ತಾಳೆ. ಅದರ ನಡುವೆ ಫೋನು. ದನಿ ಸಣ್ಣದು ಮಾಡಿ, ಸೆರಗನ್ನ ಬಾಯಿಗೆ ಅಡ್ಡ ಹಿಡಿದು: 'ಎಮ್ಮಿ ಹಿಂಡಿದ್ರ? ಹಾಲಿಗೆ ಹೆಪ್ಪ ಹಾಕು. ಅಂವ ಸಾಲಿಗೆ ಹೋಗಿದ್ನ? ಮಂಗಳವಾರ ಸಂಘದ ಕಂತ ಐತಿ, ಡಬ್ಬಿಯೊಳಗಿಂದು ಮುಟ್ಟಬ್ಯಾಡ್ರಿ.'

ಈ ಒಂದು ಫೋನಿನಲ್ಲಿ ಮನೆ ಇದೆ, ಸಾಲ ಇದೆ, ಗಂಡನ ಮೇಲಿನ ಅನುಮಾನ ಇದೆ. ಇದರಿಂದಲೇ ನನಗೆ ಇನ್ನೂರು ಪುಟ ಬರೆಯೋಕಾಗುತ್ತದೆ. ಇದರಲ್ಲಿ ಯಾವ ರೋಗಿಯ ಗುಟ್ಟೂ ಇಲ್ಲ. ಎಷ್ಟೋ ಹೆಣ್ಣುಮಕ್ಕಳು ಇದೇ ಮಾತು ಆಡಿದ್ದಾರೆ, ಆಡುತ್ತಲೇ ಇದ್ದಾರೆ. ನಾಳೆ ರಾತ್ರಿ ಹೋಗಿ ನಿಂತರೆ ನಿಮ್ಮ ಕಿವಿಗೂ ಬೀಳುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ನಮಗೆಲ್ಲ ಕೈಯಲ್ಲಿ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ಮೇ 12 ಅವರ ಹುಟ್ಟುಹಬ್ಬ, ಅವತ್ತು ನಮಗೆಲ್ಲ ಗುಲಾಬಿ ಹೂ ಸಿಗುತ್ತದೆ. ಆದರೆ 1859ರಲ್ಲಿ ಅವರು ನರ್ಸಿಂಗ್ ಬಗ್ಗೆ ಒಂದು ಪುಸ್ತಕ ಬರೆದರಲ್ಲ, ಅದನ್ನ ಬರೆದದ್ದು ನರ್ಸ್‌ಗಳಿಗಾಗಿ ಅಲ್ಲ. ಮನೆಯಲ್ಲಿ ಮಗುವನ್ನೋ ಮುದುಕರನ್ನೋ ನೋಡಿಕೊಳ್ಳೋ ಸಾಮಾನ್ಯ ಹೆಣ್ಣುಮಕ್ಕಳಿಗಾಗಿ. ಕಿಟಕಿ ತೆಗೀರಿ, ರೋಗಿಯ ಎದುರು ಪಿಸುಪಿಸು ಮಾತಾಡಬೇಡಿ, ಇಂಥ ವಿಷಯಗಳು. ಅಂದರೆ ಈ ಕೆಲಸಕ್ಕೆ ಬುನಾದಿ ಹಾಕಿದವರ ಕಣ್ಣಿಗೆ ಮೊದಲು ಬಿದ್ದವಳು ನಮ್ಮ ಬೆಡ್ ನಂಬರ್ ಹನ್ನೊಂದರ ಸೊಸೆಯೇ. ಆಮೇಲೆ ನಾವು ಯೂನಿಫಾರ್ಮ್ ಹಾಕಿಕೊಂಡು, ಸಂಬಳ ತಗೊಂಡು, ಅವಳನ್ನ 'ಹೊರಗ ನಡೀರಿ, ರೌಂಡ್ಸ್ ಐತಿ' ಅಂತ ಓಡಿಸೋಕೆ ಶುರು ಮಾಡಿದೆವು.

ನನ್ನ ಮೊದಲ ಕಾದಂಬರಿಯ ಮೊದಲ ಅಧ್ಯಾಯ ಹೇಗೆ ಬಂತು ಅಂತ ಹೇಳುತ್ತೇನೆ. ಹೆರಿಗೆ ಕೋಣೆಯಲ್ಲಿ ನಮ್ಮ ವರದಿ ಹೀಗಿರುತ್ತದೆ: 'ರಾತ್ರಿ 2.10. ರಕ್ತಸ್ರಾವ ಜಾಸ್ತಿ. ಬಿ.ಪಿ. 90/60. ಡಾಕ್ಟರಿಗೆ ತಿಳಿಸಲಾಗಿದೆ.' ಇಷ್ಟೇ. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ನಮ್ಮ ಲೆಕ್ಕದಲ್ಲಿ ಅದು ಅಪಾಯದ ಗಂಟೆ. ಗರ್ಭಚೀಲ ಗಟ್ಟಿಯಾಗಿ ಕುಗ್ಗಬೇಕು. ಕುಗ್ಗದೆ ಸಡಿಲ ಬಿದ್ದರೆ ರಕ್ತ ನಿಲ್ಲೋದಿಲ್ಲ. ಒಬ್ಬಳು ಹೊಟ್ಟೆ ಉಜ್ಜುತ್ತಾಳೆ, ಒಬ್ಬಳು ಗರ್ಭಚೀಲ ಕುಗ್ಗಿಸೋ ಆಕ್ಸಿಟೋಸಿನ್ ಹಾಕುತ್ತಾಳೆ, ಒಬ್ಬಳು ಎರಡನೇ ಕೈಗೆ ಸೂಜಿ ಚುಚ್ಚುತ್ತಾಳೆ, ಆಯಾ ರಕ್ತದ ಚೀಟಿ ಹಿಡಿದು ಓಡುತ್ತಾಳೆ. ಮೊದಲೇ ಹಿಮೋಗ್ಲೋಬಿನ್ 7ರ ಆಸುಪಾಸು ಇರೋ ಬಸುರಿ ಆದರೆ ಕೇಳೋದೇ ಬೇಡ. ಬಸುರಿಗೆ 11 ಇರಬೇಕು.

ಇದು ಬಾಗಿಲ ಒಳಗೆ. ಬಾಗಿಲ ಹೊರಗೆ?

ಹೊರಗೆ ಅತ್ತೆ ನಿಂತಿದ್ದಾಳೆ. ಅದಕ್ಕೂ ಸ್ವಲ್ಪ ಹೊತ್ತು ಮುಂಚೆ ನಾವೇ ಕೂಸನ್ನ ಒರೆಸಿ, ಹಳೇ ಸೀರೆಯ ತುಂಡಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ಬಂದಿದ್ದೇವೆ. ಸುತ್ತಲೂ ನಾಲ್ಕು ಮಂದಿ. 'ಯಾರ ಹಂಗ ಅದ?' 'ಮೂಗು ನೋಡು, ಥೇಟ್ ಅವರಜ್ಜಂದು.' ಅವಳ ಮುಖದಲ್ಲಿ ನಗು. ಅಷ್ಟರಲ್ಲಿ ಒಬ್ಬ ಸಿಸ್ಟರ್ ಓಡಿ ಹೋದಳು. ಆಮೇಲೆ ಡಾಕ್ಟರು, ಅವರೂ ಓಡುತ್ತಾ ಬಂದರು. ಯಾರೂ ಇವಳಿಗೆ ಏನೂ ಹೇಳಲಿಲ್ಲ. ಕೂಸು ಬಾಯಿ ತೆರೆದು ತಲೆ ಆಚೀಚೆ ಹೊರಳಿಸಿ ಹಾಲು ಹುಡುಕುತ್ತಿದೆ. ಇವಳಿಗೆ ನಗಬೇಕೋ ಬಾಗಿಲು ಬಡೀಬೇಕೋ ಗೊತ್ತಾಗುತ್ತಿಲ್ಲ. ಬಡಿಯೋಣ ಅಂದರೆ ಕೈಯಲ್ಲಿ ಕೂಸು. ಸೊಸೆಯ ಜೊತೆ ಎರಡು ವರ್ಷದಿಂದ ಸರಿಯಾಗಿ ಮಾತಿಲ್ಲ. ಕುಬಸದ (ಸೀಮಂತದ) ದಿನ ಆಡಿದ ಮಾತು ಈಗ ನೆನಪಾಗುತ್ತಿದೆ.

'2.10' ಮತ್ತು 'ತಿಳಿಸಲಾಗಿದೆ', ಇವೆರಡರ ನಡುವೆ ಅವಳು ನಿಂತಿದ್ದಾಳೆ. ನಮ್ಮ ವರದಿಯಲ್ಲಿ ಅವಳಿಗೆ ಒಂದು ಸಾಲೂ ಇಲ್ಲ. ನಾನು ಅವಳಿಗೆ ಇಪ್ಪತ್ತು ಪುಟ ಕೊಟ್ಟೆ. ಒಳಗೆ ಏನಾಯ್ತು ಅನ್ನೋದನ್ನ ಓದುಗರಿಗೂ ಅಧ್ಯಾಯದ ಕೊನೆಯವರೆಗೆ ಹೇಳಲಿಲ್ಲ. ಒಬ್ಬ ಓದುಗರು ಫೋನ್ ಮಾಡಿ ಜಗಳವಾಡಿದರು, 'ಅಲ್ರಿ, ನೀವೇ ಒಳಗ ಇದ್ರೆಲ್ಲ, ಹೇಳಾಕ ಏನಾಗಿತ್ತು?' ಅಂತ. ಆಸ್ಪತ್ರೆಯಲ್ಲಿ ಹೊರಗೆ ನಿಂತವರೆಲ್ಲ ನಮ್ಮನ್ನ ಕೇಳೋದೂ ಇದನ್ನೇ.

ಅತ್ತೆ ಅಂದರೆ ವಿಲನ್, ಸೊಸೆ ಅಂದರೆ ಕಣ್ಣೀರು. ಧಾರಾವಾಹಿಗಳು ಇದರಲ್ಲೇ ಸಾವಿರ ಕಂತು ದಾಟುತ್ತವೆ. ವಾರ್ಡಿನಲ್ಲಿ ನೋಡಿದರೆ ಈ ಲೆಕ್ಕ ನಿಲ್ಲೋದಿಲ್ಲ. ಮನೆಯಲ್ಲಿ ಸೊಸೆಗೆ ಮೊಸರು ಬಡಿಸೋಕೂ ಕೈ ಹಿಂದೆ ತೆಗೆಯೋಳು ಇಲ್ಲಿ ಅವಳ ರಕ್ತದ ಬಟ್ಟೆ ಒಗೀತಾಳೆ. ಅದನ್ನ ಪ್ರೀತಿ ಅನ್ನಬೇಕೋ, ಊರವರ ಬಾಯಿಗೆ ಹೆದರಿದ್ದು ಅನ್ನಬೇಕೋ? ಎರಡೂ ಇರಬಹುದು. ಮರುದಿನ ಅದೇ ಬಟ್ಟೆಯ ಮಾತೆತ್ತಿ ಹಂಗಿಸಿದರೂ ಹಂಗಿಸಿದಳೇ.

ಬರೆಯೋ ಧೈರ್ಯ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಓದಿನಿಂದ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರನ್ನೆಲ್ಲ ನಾನು ಓದಿದ್ದು ಹಾಸ್ಟೆಲ್ಲಿನಲ್ಲಿ, ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತುಹೋದ ಪ್ರತಿಗಳಲ್ಲಿ. ಅನುಪಮಾ ಅವರು ಡಾಕ್ಟರು. ಹೆಣ್ಣಿನ ದೇಹದ ಬಗ್ಗೆ ನಾಚಿಕೆ ಇಲ್ಲದೆ ಕನ್ನಡದಲ್ಲಿ ಬರೀಬಹುದು ಅಂತ ತೋರಿಸಿಕೊಟ್ಟವರು. ಡಾಕ್ಟರ್ ಬರೆದರೆ ಮಂದಿ ಕೇಳುತ್ತಾರೆ, ನರ್ಸ್ ಬರೆದರೆ ಕೇಳುತ್ತಾರಾ ಅನ್ನೋ ಅಳುಕು ನನಗೆ ಬಹಳ ದಿನ ಇತ್ತು.

ತ್ರಿವೇಣಿಯವರ ವಿಷಯ ಬೇರೆ. ಮನಸ್ಸಿನ ಕಾಯಿಲೆಯ ಹೆಣ್ಣುಮಕ್ಕಳನ್ನ ಹುಚ್ಚಿ ಅನ್ನದೆ ಬರೆದವರು. ಅವರು ತೀರಿಕೊಂಡದ್ದು 1963ರಲ್ಲಿ, ಹೆರಿಗೆಯಾಗಿ ಕೆಲವೇ ದಿನಗಳಿಗೆ. ಆಗ ಅವರಿಗೆ 34. ಹೆರಿಗೆಯಾಗಿ 42 ದಿನದೊಳಗೆ ಬಸಿರು-ಬಾಣಂತನದ ಕಾರಣಕ್ಕೆ ತಾಯಿ ಸತ್ತರೆ ಅದನ್ನ ತಾಯಿ ಮರಣದ ಲೆಕ್ಕಕ್ಕೆ ಸೇರಿಸಬೇಕು ಅನ್ನೋದು ನಮ್ಮ ನಿಯಮ. ಹೆರಿಗೆ ವಾರ್ಡಿಗೆ ಬಂದ ಮೇಲೆ ಅವರ ಪುಸ್ತಕ ಮತ್ತೆ ತೆಗೆದಾಗ ನನಗೆ ಮೊದಲಿನ ಹಾಗೆ ಓದೋಕಾಗಲಿಲ್ಲ. ಅದೇ 1963ರಲ್ಲೇ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂತು. ಅವರಿಗೆ ಆಗ 46. ಮನೆ, ಮಕ್ಕಳು, ಸಂಸಾರ ಎಲ್ಲ ನೋಡಿಕೊಂಡು ಆಮೇಲೆ ಪೆನ್ನು ಹಿಡಿದವರು. ನನ್ನ ಹಾಗೆ ತಡವಾಗಿ ಶುರು ಮಾಡಿದವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಒಂದು ತಕರಾರು ಮಾತ್ರ ಇದೆ. ಹಳೇ ಕಾದಂಬರಿ, ಸಿನಿಮಾಗಳಲ್ಲಿ ನಾಯಕಿ ತಲೆಸುತ್ತಿ ಬೀಳುತ್ತಾಳೆ. ಡಾಕ್ಟರ್ ಬಂದು ಕೈನಾಡಿ ಹಿಡಿದು ನಕ್ಕು 'ಸಿಹಿ ಹಂಚಿ' ಅಂತಾರೆ. ಇಷ್ಟು ವರ್ಷ ನಾಡಿ ಹಿಡಿದಿದ್ದೇನೆ, ನನಗೆ ಒಂದು ಸಲವೂ ಸಿಹಿ ಸುದ್ದಿ ತಿಳಿದಿಲ್ಲ. ತಲೆಸುತ್ತಿ ಬಿದ್ದವಳಿಗೆ ಮೊದಲು ಹಿಮೋಗ್ಲೋಬಿನ್ ನೋಡ್ರಿ.

ಈಗಿನ ಹೆಣ್ಣಿನ ಬಗ್ಗೆ ಬರೆಯುವಾಗ ದುಡ್ಡಿನ ವಿಷಯ ಬಿಟ್ಟು ಬರೆಯೋಕಾಗೋದಿಲ್ಲ. 2023ರ ಜೂನ್‌ನಿಂದ ರಾಜ್ಯದ ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ರಾಜಕೀಯ ಏನೇ ಇರಲಿ, ಕಾದಂಬರಿ ಬರೆಯೋಳಿಗೆ ಇದು ಕಥೆಯ ಹಾದಿಯನ್ನೇ ಬದಲಿಸುತ್ತದೆ. ಮೊದಲು ಮಗಳು ಆಸ್ಪತ್ರೆಯಲ್ಲಿದ್ದಾಳೆ ಅಂತ ತಿಳಿದರೂ ಶಿಗ್ಗಾವಿಯ ತಾಯಿ ಗಂಡನ ಕೈಯಿಂದ ಬಸ್ಸಿನ ದುಡ್ಡು ಬರೋವರೆಗೆ ಕಾಯಬೇಕಿತ್ತು. ಕಾಯೋದರಲ್ಲೇ ಒಂದು ಅಧ್ಯಾಯ ಹೋಗುತ್ತಿತ್ತು. ಈಗ ಅವಳು ಆಧಾರ್ ಕಾರ್ಡು ತೋರಿಸಿ ಬಸ್ ಹತ್ತಿ ಮಧ್ಯಾಹ್ನಕ್ಕೆ ಬುತ್ತಿ ಸಮೇತ ವಾರ್ಡಿನಲ್ಲಿ ಇರುತ್ತಾಳೆ. ತಿಂಗಳಿಗೆ 2000 ರೂಪಾಯಿ ಗೃಹಲಕ್ಷ್ಮಿ ದುಡ್ಡು ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಯಜಮಾನಿ ಯಾರು, ಅತ್ತೆಯೋ ಸೊಸೆಯೋ? ಈ ಒಂದು ಪ್ರಶ್ನೆಗೆ ಎಷ್ಟು ಮನೆಯಲ್ಲಿ ಒಲೆ ಎರಡಾದವು ಅಂತ ಬೆಂಚಿನ ಮೇಲೆ ಕೂತವರನ್ನ ಕೇಳಿ.

ಇನ್ನು ಸಹಿ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಸಿಗೆ ಬಂದ ಹೆಣ್ಣುಮಗಳು ಗರ್ಭಪಾತಕ್ಕೆ ಒಪ್ಪಿದರೆ ಅವಳ ಸಹಿ ಸಾಕು ಅಂತ 1971ರ ಕಾಯ್ದೆಯೇ ಹೇಳುತ್ತದೆ. ಗಂಡನ ಸಹಿ ಬೇಕಿಲ್ಲ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳೋಕೂ ಗಂಡನ ಒಪ್ಪಿಗೆ ಕಡ್ಡಾಯ ಅಲ್ಲ. ಆದರೂ ಎಷ್ಟೋ ಕಡೆ 'ಯಜಮಾನ್ರನ್ನ ಕರೀರಿ' ಅಂತಾರೆ. ನಾಳೆ ಯಾರಾದರೂ ಜಗಳಕ್ಕೆ ಬಂದರೆ ಅನ್ನೋ ಭಯ. ಆ ಭಯ ನನಗೂ ಅರ್ಥವಾಗುತ್ತದೆ, ಆಸ್ಪತ್ರೆಯ ಬಾಗಿಲಿಗೆ ಮಂದಿ ಕಟ್ಟಿಕೊಂಡು ಬಂದಾಗ ಮುಂದೆ ನಿಲ್ಲೋಳು ನರ್ಸೇ. ಆದರೆ ಅದರ ಬೆಲೆ ಕೊಡೋಳು ಇವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ಈ ಆಪರೇಷನ್ ಆದವರು ನೂರಕ್ಕೆ 37.9. ಅವರ ಗಂಡಂದಿರ ಆಪರೇಷನ್ನು ನೂರಕ್ಕೆ 0.3. ಗಂಡಸರದು ಸಣ್ಣ ಆಪರೇಷನ್, ಹೊಟ್ಟೆ ಕೊಯ್ಯೋದಿಲ್ಲ, ಅವತ್ತೇ ಮನೆಗೆ ಹೋಗಬಹುದು. ಆದರೂ ಲೆಕ್ಕ ಹೀಗಿದೆ. ಹೊಟ್ಟೆ ಇವಳದು, ಕೊಯ್ಯೋದು ಇವಳಿಗೆ, ಸಹಿಗೆ ಮಾತ್ರ ಅವನು.

ನನ್ನ ಎರಡನೇ ಕಾದಂಬರಿಯಲ್ಲಿ ಈ ಸಹಿಯ ಪ್ರಸಂಗ ಇದೆ. ಗಂಡ ದಾವಣಗೆರೆಯಲ್ಲಿ, ಫೋನ್ ಎತ್ತುತ್ತಿಲ್ಲ. ಜೊತೆಗೆ ಬಂದ ನಾದಿನಿ, ಇನ್ನೂ ಮದುವೆಯಾಗದ ಹುಡುಗಿ, ಅರ್ಜಿ ಕೈಗೆ ತಗೊಂಡು ಪೂರ್ತಿ ಓದುತ್ತಾಳೆ. ಅಲ್ಲಿದ್ದವರಲ್ಲಿ ಆ ಅರ್ಜಿ ಪೂರ್ತಿ ಓದಿದ ಮೊದಲನೆಯವಳು ಅವಳೇ. 'ಬಾಯಾರ, ಇದರಾಗ ಗಂಡನ ಹೆಸರು ಬರಿಯಾಕ ಜಾಗಾನ ಇಲ್ಲಲ್ರಿ' ಅಂತಾಳೆ. ಮುಂದೆ ಏನಾಯ್ತು ಅನ್ನೋದಕ್ಕೆ ಪುಸ್ತಕ ಕೊಂಡು ಓದಿ. ಪ್ರಕಾಶಕರು ಇಲ್ಲೇ ಕೂತಿದ್ದಾರೆ, ಅವರ ಮುಖ ನೋಡಿ ಹೇಳುತ್ತಿದ್ದೇನೆ.

ಇದನ್ನೆಲ್ಲ 'ಮಹಿಳಾ ಕಾದಂಬರಿ' ಅಂತ ಬೇರೆ ಕಪಾಟಿನಲ್ಲಿ ಇಡುತ್ತಾರೆ. ಇಡಲಿ ಬಿಡಿ. ಲೈಬ್ರರಿಯಲ್ಲಿ ಆ ಕಪಾಟಿನ ಪುಸ್ತಕಗಳ ಮೂಲೆಯೇ ಜಾಸ್ತಿ ಸವೆದಿರುತ್ತದೆ.

ಭಾಷೆಯ ಬಗ್ಗೆ ಸುಮ್ನೆ ಎರಡು ಮಾತು. ನರ್ಸ್ ವರದಿ ಬರೆಯೋ ಅಭ್ಯಾಸದಿಂದ ನನಗೆ ಒಂದು ಲಾಭ ಆಯ್ತು. 'ರೋಗಿ ಬಹಳ ಸಂಕಟ ಪಟ್ಟರು' ಅಂತ ಬರೆದರೆ ನಮ್ಮ ಹಿರಿಯ ಸಿಸ್ಟರ್ ಪೆನ್ನಿನಿಂದ ಹೊಡೆದು ಹಾಕುತ್ತಿದ್ದರು. ಎಷ್ಟು ಗಂಟೆಗೆ, ಎಲ್ಲಿ ನೋವು, ಎದ್ದು ಕೂತರಾ, ಊಟ ಬಿಟ್ಟರಾ, ಅದನ್ನ ಬರಿ. ಕಾದಂಬರಿಯಲ್ಲೂ ನಾನು 'ಅವಳು ದುಃಖದಲ್ಲಿ ಮುಳುಗಿದಳು' ಅಂತ ಬರೆಯೋದಿಲ್ಲ. ಎರಡು ದಿನದಿಂದ ಜಡೆ ಹಾಕಿಲ್ಲ ಅಂತ ಬರೆಯುತ್ತೇನೆ. ಮಾತುಕತೆಯೆಲ್ಲ ನಮ್ಮ ಕಡೆಯ ಕನ್ನಡದಲ್ಲೇ ಇದೆ. ಬೆಂಗಳೂರಿನ ಓದುಗರಿಗೆ ಕಷ್ಟ ಆಗೋದಿಲ್ಲವಾ ಅಂತ ಒಬ್ಬರು ಕೇಳಿದರು. ನಾವು ಅವರ ಕಡೆಯ ಪುಸ್ತಕ ಓದೋವಾಗ ಯಾರೂ ನಮ್ಮನ್ನ ಹೀಗೆ ಕೇಳಲಿಲ್ಲ. ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ತರುತ್ತಿರೋ ಊರಿದು, ಇಲ್ಲಿ ಕೂತು ಇದಕ್ಕೆ ಉತ್ತರ ಹೇಳೋದೇ ಬೇಡ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಒಬ್ಬರು ಕೇಳಿದರು, ಜೊತೆಗೆ ಬರೋರಲ್ಲಿ ಗಂಡಸರು ಇರೋದಿಲ್ಲವಾ, ಅವರನ್ನ ಯಾಕೆ ಬಿಟ್ಟಿರಿ ಅಂತ. ಇರುತ್ತಾರೆ, ಈಗೀಗ ಜಾಸ್ತಿ. ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚೋ ಮಗನನ್ನೂ ನೋಡಿದ್ದೇನೆ. ಈಗ ಬರೆಯುತ್ತಿರೋದರಲ್ಲಿ ಅಂಥವನೊಬ್ಬ ಇದ್ದಾನೆ. ತೊಂದರೆ ಏನಪ್ಪಾ ಅಂದರೆ ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನ ಬಿಡೋದಿಲ್ಲ. ನನ್ನ ಕಥೆಯಲ್ಲಿ ನಡೆಯೋದೆಲ್ಲ ರಾತ್ರಿಯೇ. ಸದ್ಯ ಅವನನ್ನ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂರಿಸಿದ್ದೇನೆ, ವಾಚ್‌ಮನ್ ಜೊತೆ ಗೆಳೆತನ ಬೆಳೆಸುತ್ತಿದ್ದಾನೆ.

ಹಿಂದಿನ ಸಾಲಿನಿಂದ ನರ್ಸಿಂಗ್ ಓದುತ್ತಿರೋ ಹುಡುಗಿಯೊಬ್ಬಳು ಎದ್ದು 'ಮೇಡಂ, ನನಗೂ ಬರೀಬೇಕಂತದ. ಟೈಮ್ ಹೆಂಗ ಮಾಡ್ಕೊಳ್ಳಿ?' ಅಂದಳು. ನೈಟ್ ಡ್ಯೂಟಿ ಮುಗಿಸಿದ ದಿನ ಬರೀಬ್ಯಾಡವಾ, ಮಲಕೋ ಅಂದೆ. ಆಫ್ ಇರೋ ದಿನ ಬರಿ. ಆದರೆ ಆಫ್ ಅಂತ ಮನೆಯಲ್ಲಿ ಹೇಳಬೇಡ, ಹೇಳಿದರೆ ಅವತ್ತು ಮನೆಯ ಕೆಲಸವೆಲ್ಲ ನಿನ್ನದೇ. ಡ್ಯೂಟಿ ಐತಿ ಅಂತ ಹೇಳಿ ಡಬ್ಬಿ ಕಟ್ಟಿಸಿಕೊಂಡು ಹೊರಡು. ಯುನಿವರ್ಸಿಟಿ ಆವರಣದಲ್ಲಿ ಮರಗಳಿಗೇನು ಕೊರತೆ?